ಬಾಳನ್ನು ಅಳೆಯುವ ಕೊಳಗ ಯಾರದು?

(ಅರಕಲಗೂಡಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ವಿಷಯವನ್ನು ಕರಪತ್ರದಲ್ಲಿ ಓದಿದಾಗಲೇ ಕೆಲವರಿಗೆ ಆಕಳಿಕೆ ಬಂದಿರಬೇಕು. “ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಜನಜೀವನದ ಮಟ್ಟವನ್ನು ಅಳೆಯುವ ಬಗೆ.” ಇದು ವಿಶ್ವವಿದ್ಯಾನಿಲಯದ ಪಂಡಿತರಿಗೆ ಸೇರಿದ ಮಾತು, ಎಸ್ಸೆಸ್ಸೆಲ್ಸಿ ಓದಿದವನಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾನು ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು. ಕೂಡುವುದು, ಭಾಗಿಸುವುದು, ಸರಾಸರಿ ತೆಗೆಯುವುದು, ಇಷ್ಟು ಬಂದರೆ ಈ ವಿಷಯದ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಅರ್ಥವಾಗದೆ ಹೋದರೆ ನಷ್ಟ ಪಂಡಿತರಿಗಲ್ಲ, ನಿಮಗೆ. ಏಕೆಂದರೆ ನಿಮ್ಮ ಮನೆಯ ರೇಷನ್ ಚೀಟಿ ಉಳಿಯುವುದೂ ಹೋಗುವುದೂ ಇಂಥ ಒಂದು ಲೆಕ್ಕದ ಮೇಲೆ ನಿಂತಿದೆ.

ಮೊದಲು ಒಂದು ಹಳೆಯ ಸಂಗತಿ. 1951ನೆಯ ಇಸವಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಜಮೀನಿನ ಒಡೆಯರ ವಿರುದ್ಧ ಎದ್ದು ನಿಂತರು. ಆ ಸತ್ಯಾಗ್ರಹದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಜಗಳ ಹತ್ತಿಕೊಂಡದ್ದು ಯಾವುದರ ಮೇಲೆ ಎಂಬುದನ್ನು ಈಗಿನ ಹುಡುಗರಲ್ಲಿ ಅನೇಕರು ಮರೆತಿದ್ದಾರೆ. ಅದು ಹತ್ತಿಕೊಂಡದ್ದು ಕೊಳಗದ ಮೇಲೆ. ಗೇಣಿಯ ಭತ್ತವನ್ನು ಮೂರು ಸೇರಿನ ಕೊಳಗದಲ್ಲಿ ಅಳೆಯಬೇಕೆಂಬುದು ನ್ಯಾಯ. ಒಡೆಯರು ಇಟ್ಟುಕೊಂಡಿದ್ದ ಕೊಳಗ ಅದಕ್ಕಿಂತ ದೊಡ್ಡದು. ಎಣಿಸುವವನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಎಣಿಕೆಯಲ್ಲಿ ಒಂದು ಕಾಳಿನಷ್ಟೂ ತಪ್ಪಿಲ್ಲ. ಮೋಸವೆಲ್ಲ ಪಾತ್ರೆಯಲ್ಲೇ ಇದೆ! ಎಚ್. ಗಣಪತಿಯಪ್ಪನವರ ರೈತ ಸಂಘ ಇದನ್ನು ಕೇಳಿತು, ಶಾಂತವೇರಿ ಗೋಪಾಲಗೌಡರು ಕೇಳಿದರು, ಆ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಮನೆ ಸೇರಿದರು. ಕೊಳಗ ಎಷ್ಟು ದೊಡ್ಡದು ಎಂದು ಶುರುವಾದ ಪ್ರಶ್ನೆ, ಭೂಮಿ ಯಾರದು ಎಂಬ ಪ್ರಶ್ನೆಯಾಗಿ ಬೆಳೆಯಿತು.

ನಾನು ಈ ಹೊತ್ತು ಕೇಳುವುದೂ ಅದೇ ಜಾತಿಯ ಪ್ರಶ್ನೆ. ಒಂದು ದೇಶದ, ಒಂದು ತಾಲ್ಲೂಕಿನ, ಒಂದು ಮನೆಯ ಬಾಳು ಹಸನಾಗಿದೆ ಎಂದು ಸರ್ಕಾರ ಹೇಳುವಾಗ ಅದು ಯಾವ ಕೊಳಗದಲ್ಲಿ ಅಳೆದು ಹೇಳುತ್ತದೆ?

ಬಹಳ ಕಾಲ ಇದ್ದದ್ದು ಒಂದೇ ಕೊಳಗ. ಅದು ರಾಷ್ಟ್ರೀಯ ವರಮಾನ. ದೇಶದಲ್ಲಿ ಒಂದು ವರ್ಷಕ್ಕೆ ಹುಟ್ಟಿದ ಸಂಪತ್ತನ್ನೆಲ್ಲ ಕೂಡಿ, ತಲೆಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ವರಮಾನ. ಈ ಲೆಕ್ಕವನ್ನು ಅಮೆರಿಕದಲ್ಲಿ ಕ್ರಮಬದ್ಧವಾಗಿ ಕಟ್ಟಿಕೊಟ್ಟ ಸೈಮನ್ ಕುಜ್ನೆಟ್ಸ್ ಎಂಬ ವಿದ್ವಾಂಸ, 1934ರಲ್ಲಿ ಅಲ್ಲಿಯ ಸಂಸತ್ತಿಗೆ ವರದಿ ಕೊಡುವಾಗಲೇ ಎಚ್ಚರಿಸಿದ್ದ: ಈ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲು ಹೊರಡಬೇಡಿ ಎಂದು. ಮಾಡಿದವನೇ ಬೇಡವೆಂದ ಕೆಲಸಕ್ಕೆ ಜಗತ್ತಿನ ಸರ್ಕಾರಗಳೆಲ್ಲ ಅದನ್ನು ಬಳಸಿದವು.

ಇದರ ಕುತ್ತು ಎಲ್ಲಿದೆ ಎಂಬುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಐದನೆಯ ತರಗತಿಯಲ್ಲಿ ಸರಾಸರಿ ಕಲಿಸುತ್ತಿದ್ದೆ. ಐದು ಮಕ್ಕಳು, ಹತ್ತು ಮೊಟ್ಟೆ, ಒಬ್ಬನೇ ಹತ್ತನ್ನೂ ತಿಂದ, ತಲೆಗೆ ಎಷ್ಟು ಎಂದು ಕೇಳಿದೆ. ಎರಡು ಎಂದು ಎಲ್ಲರೂ ಕೈ ಎತ್ತಿದರು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, “ಸಾ, ಹಂಗಾರೆ ನನ್ನೆರಡು ಎಲ್ಲಿ?” ಅಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನಿಗೆ ಆ ದಿನ ಉತ್ತರ ಕೊಡಲಿಲ್ಲ.

ಆ ಹುಡುಗನ ಪ್ರಶ್ನೆಯನ್ನೇ 1963ರ ಆಗಸ್ಟಿನಲ್ಲಿ ಲೋಹಿಯಾ ಲೋಕಸಭೆಯಲ್ಲಿ ಕೇಳಿದರು. ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದಿದ್ದ ಸಂದರ್ಭ. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಎಂದರು. ಮೂರು ಆಣೆಯಲ್ಲ, ಹದಿನೈದು ಆಣೆ ಎಂದು ನೆಹರೂ ಅವರ ಉತ್ತರ. (ಹುಡುಗರಿಗಾಗಿ ಹೇಳುತ್ತೇನೆ, ರೂಪಾಯಿಗೆ ಹದಿನಾರು ಆಣೆ.) ಯೋಜನಾ ಮಂತ್ರಿ ನಂದಾ ಅವರು ಏಳೂವರೆ ಆಣೆ ಎಂದರು. ಹದಿನೈದು ಆಣೆ ಎಂಬುದು ಸುಳ್ಳೇನೂ ಅಲ್ಲ, ದೇಶದ ವರಮಾನವನ್ನು ಎಲ್ಲರಿಗೂ ಹಂಚಿ ತೆಗೆದ ಸರಾಸರಿ. ಲೋಹಿಯಾ ತೆಗೆದುಕೊಂಡದ್ದು ಕೆಳಗಿನ ನೂರಕ್ಕೆ ಅರವತ್ತು ಮಂದಿಯನ್ನು. ಒಬ್ಬರು ಮೊಟ್ಟೆ ಎಣಿಸಿದರು, ಇನ್ನೊಬ್ಬರು ಹಿಂದಿನ ಸಾಲಿನ ತಟ್ಟೆ ನೋಡಿದರು. ಮೂರು ಆಣೆ ಸರಿಯೋ ಏಳೂವರೆ ಸರಿಯೋ ಎಂಬ ವಾದವನ್ನು ನಾನು ಎತ್ತುವುದಿಲ್ಲ. ಹಂಗಿಸುವುದಕ್ಕಾದರೂ ಸರ್ಕಾರ ಸರಾಸರಿಯನ್ನು ಬಿಟ್ಟು ಕೆಳಗಿನ ಅರವತ್ತು ಮಂದಿಯ ಲೆಕ್ಕ ತೆಗೆಯಬೇಕಾಯಿತಲ್ಲ, ಅದು ದೊಡ್ಡದು.

ಈಗ ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದ ತಲಾ ವರಮಾನ 2022–23ರ ಹೊತ್ತಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿತು. ದೊಡ್ಡ ರಾಜ್ಯಗಳಲ್ಲಿ ನಮ್ಮದು ಮುಂಚೂಣಿಯಲ್ಲಿದೆ ಎಂದು ವಿಧಾನಸೌಧದಲ್ಲಿ ಎಲ್ಲ ಪಕ್ಷದವರೂ ಹೆಮ್ಮೆಪಡುತ್ತಾರೆ. ನೀವು ಒಂದು ಸಣ್ಣ ಗುಣಾಕಾರ ಮಾಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮನೆಯಲ್ಲೊಬ್ಬರು ಮುದುಕಿ. ಐದು ತಲೆ. ವರ್ಷಕ್ಕೆ 15 ಲಕ್ಷ. ತಿಂಗಳಿಗೆ 1 ಲಕ್ಷದ 25 ಸಾವಿರ. ಈ ಕೂಟದಲ್ಲಿ ಅಷ್ಟು ತರುವ ಮನೆ ಯಾವುದಾದರೂ ಇದ್ದರೆ ಕೈ ಎತ್ತಬೇಕು, ಮುಂದಿನ ಸಭೆಯ ಕಾಫಿ ಖರ್ಚು ಅವರದು. (ನಗು.)

ಇನ್ನೊಂದು ಕಡೆ, ಅದೇ ಸರ್ಕಾರದ ಆಹಾರ ಇಲಾಖೆಯಲ್ಲಿ ಬಡವನೆಂದರೆ ಯಾರು? ಬಿ.ಪಿ.ಎಲ್. ಚೀಟಿಗೆ 2024ರಲ್ಲಿಯೂ ಇದ್ದ ಮಿತಿ, ಇಡೀ ಕುಟುಂಬಕ್ಕೆ ವರ್ಷಕ್ಕೆ 1 ಲಕ್ಷದ 20 ಸಾವಿರ. ಎರಡು ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕಾಗದದ ಪ್ರಕಾರ ಐದು ಜನರ ಮನೆ ಒಂದು ತಿಂಗಳಲ್ಲಿ ಗಳಿಸುವುದು, ಇನ್ನೊಂದು ಕಾಗದದ ಪ್ರಕಾರ ಬಡವನು ಇಡೀ ವರ್ಷದಲ್ಲಿ ಗಳಿಸಬಹುದಾದುದಕ್ಕಿಂತ ಹೆಚ್ಚು! ಆ ಮಿತಿಯ ಒಳಗೆ ಬರುತ್ತೇವೆಂದು ಚೀಟಿ ಪಡೆದ ಕುಟುಂಬಗಳು ರಾಜ್ಯದಲ್ಲಿ 1 ಕೋಟಿಗೂ ಮೇಲ್ಪಟ್ಟು ಇವೆ.

ಮೂರನೆಯ ಕಾಗದವೂ ಒಂದಿದೆ. ದೆಹಲಿಯ ನೀತಿ ಆಯೋಗ 2023ರಲ್ಲಿ ಬಹುಆಯಾಮದ ಬಡತನದ ವರದಿಯನ್ನು ಹೊರಡಿಸಿತು. ಅದರಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015–16ರಲ್ಲಿ ನೂರಕ್ಕೆ 12.77 ಇದ್ದದ್ದು 2019–21ಕ್ಕೆ 7.58ಕ್ಕೆ ಇಳಿಯಿತು. ಹಾಗಾದರೆ ನೂರಕ್ಕೆ ಎಂಟು ಮಂದಿಯೂ ಬಡವರಿಲ್ಲದ ರಾಜ್ಯದಲ್ಲಿ ಕೋಟಿ ಕುಟುಂಬಗಳಿಗೆ ಬಡವರ ಚೀಟಿ ಏಕೆ? ಚೀಟಿದಾರರೆಲ್ಲ ಕಳ್ಳರು ಎಂದು ಪೇಟೆಯ ದೊಡ್ಡ ಮನುಷ್ಯರು ಥಟ್ಟನೆ ಹೇಳಿಬಿಡುತ್ತಾರೆ. ಕಳ್ಳ ಚೀಟಿಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಕಾರಣ ಅದಲ್ಲ. ಮೂರು ಕಾಗದಗಳೂ ಅಳೆಯುತ್ತಿರುವ ವಸ್ತು ಬೇರೆ ಬೇರೆ.

ತಲಾ ವರಮಾನದಲ್ಲಿ ಬೆಂಗಳೂರಿನ ಕಂಪನಿಗಳ ಲಾಭವೂ ಸೇರಿದೆ. ರಾಜ್ಯದ ಉತ್ಪನ್ನದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ಹತ್ತು ಮೊಟ್ಟೆಯ ಹುಡುಗ ಎಲ್ಲಿದ್ದಾನೆಂದು ಹುಡುಕಬೇಕಾಗಿಲ್ಲ.

ನೀತಿ ಆಯೋಗದ ಅಳತೆ ಹಣವನ್ನು ಕೇಳುವುದೇ ಇಲ್ಲ. ಅದು ಹನ್ನೆರಡು ಸಂಗತಿಗಳನ್ನು ನೋಡುತ್ತದೆ. ಪೌಷ್ಟಿಕತೆ, ಮಕ್ಕಳ ಸಾವು, ಬಾಣಂತಿಯ ಆರೈಕೆ, ಓದಿದ ವರ್ಷ, ಶಾಲೆಯ ಹಾಜರಿ, ಒಲೆಯ ಉರುವಲು, ಕಕ್ಕಸು, ಕುಡಿಯುವ ನೀರು, ವಿದ್ಯುತ್ತು, ಮನೆ, ಆಸ್ತಿ, ಬ್ಯಾಂಕಿನ ಖಾತೆ. ಒಟ್ಟು ತೂಕದಲ್ಲಿ ಮೂರನೆಯ ಒಂದು ಪಾಲು ಕೊರತೆಯಿದ್ದರೆ ಆ ಮನೆ ಬಡಮನೆ. ಇದು ಒಳ್ಳೆಯ ಅಳತೆ, ವರಮಾನದ ಸರಾಸರಿಗಿಂತ ಎಷ್ಟೋ ಮೇಲು. ಬಡತನವೆಂದರೆ ಜೇಬು ಬರಿದಾಗಿರುವುದು ಮಾತ್ರವಲ್ಲ ಎಂದು ಒಪ್ಪಿಕೊಂಡ ಅಳತೆ. ಆದರೂ ಅದರ ಬಾಯಿಯನ್ನು ಸ್ವಲ್ಪ ಬಗ್ಗಿ ನೋಡಿ. ಖಾತೆ ಇದ್ದರೆ ಸಾಕು, ಅದರಲ್ಲಿ ದುಡ್ಡಿದೆಯೇ ಎಂದು ಕೇಳುವುದಿಲ್ಲ. ಮನೆಯಲ್ಲಿ ಒಬ್ಬನೇ ಒಬ್ಬ ಆರು ವರ್ಷ ಓದಿದ್ದರೂ ಓದಿನ ಲೆಕ್ಕದಲ್ಲಿ ಇಡೀ ಮನೆ ಪಾಸು. ತಿಂಗಳಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು ಎಂಬ ಪ್ರಶ್ನೆ ಇಲ್ಲ. ಸಾಲದ ಪ್ರಶ್ನೆಯೇ ಇಲ್ಲ!

ನಮ್ಮ ತಾಲ್ಲೂಕಿನಲ್ಲಿ ಸಾಲವನ್ನು ಬಿಟ್ಟು ಬಾಳನ್ನು ಅಳೆಯುವುದೆಂದರೆ ಗದ್ದೆಯನ್ನು ಬಿಟ್ಟು ಬದುವನ್ನು ಅಳೆದ ಹಾಗೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಹಾಕುವ ರೈತನ ಕೈಯಲ್ಲಿ ಹರಾಜಿನ ದಿನ ಕಾಣುವ ದುಡ್ಡು ಬೇರೆ, ಬ್ಯಾರನ್ನಿನ ಸೌದೆ, ಗೊಬ್ಬರ, ಕೂಲಿ, ಕೈಸಾಲ ತೀರಿಸಿದ ಮೇಲೆ ಉಳಿಯುವ ದುಡ್ಡು ಬೇರೆ. ಆಲೂಗೆಡ್ಡೆಯವನು ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಗೆ ಮುಂಗಡ ಸುರಿದಿರುತ್ತಾನೆ. ಮಳೆ ಹಿಡಿದು ಅಂಗಮಾರಿ ಬಂತೆಂದರೆ ಒಂದು ವಾರದಲ್ಲಿ ಹೊಲ ಕರಕಲು. ಇಬ್ಬರ ಮನೆಯಲ್ಲೂ ವಿದ್ಯುತ್ತಿದೆ, ಖಾತೆಯಿದೆ, ಗ್ಯಾಸ್ ಒಲೆಯಿದೆ. ಅಳತೆಯ ಪ್ರಕಾರ ಇಬ್ಬರೂ ಬಡವರಲ್ಲ.

ಇನ್ನು ಚೀಟಿಯ ಮಿತಿ. 1 ಲಕ್ಷದ 20 ಸಾವಿರವೆಂದರೆ ತಿಂಗಳಿಗೆ 10,000. ನಸುಕಿನಲ್ಲೇ ಬಸ್ಸು ಹತ್ತಿ ಹಾಸನದ ಕಡೆ ಹೊಲಿಗೆ ಕಾರ್ಖಾನೆಗೆ ಹೋಗುವ ಹೆಣ್ಣುಮಗಳೊಬ್ಬಳು ಬರೀ ಕನಿಷ್ಠ ವೇತನ ತಂದರೂ ಆ ಗೆರೆಯನ್ನು ದಾಟಿಬಿಡುತ್ತಾಳೆ. ಗಂಡ ಕೂತಿದ್ದಾನೋ, ಅತ್ತೆಗೆ ಡಯಾಲಿಸಿಸ್ ಆಗುತ್ತಿದೆಯೋ, ಗೆರೆಗೆ ಅದು ಬೇಡ. ಅವಳ ಸಂಬಳಕ್ಕೆ ಭವಿಷ್ಯನಿಧಿಯ ದಾಖಲೆ ಇದೆ, ಸಿಕ್ಕಿಬೀಳುತ್ತಾಳೆ. ದಾಖಲೆಯಿಲ್ಲದೆ ಬಡ್ಡಿಗೆ ದುಡ್ಡು ಬಿಡುವವನು ಸಿಕ್ಕಿಬೀಳುವುದಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಚೀಟಿಗಳು ರದ್ದಾದಾಗ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರು ಯಾರೆಂದು ನೀವೇ ನೋಡಿದ್ದೀರಿ. ಗದ್ದಲವೆದ್ದ ಮೇಲೆ, ತೆರಿಗೆ ಕಟ್ಟುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರ ಚೀಟಿ ಹಿಂದಿರುಗಿಸುತ್ತೇವೆಂದು ಸರ್ಕಾರ ಹೇಳಬೇಕಾಯಿತು. ಹಿಂದಿರುಗಿದ್ದು ಗದ್ದಲದಿಂದ, ಗೆರೆ ಬದಲಾದುದರಿಂದಲ್ಲ.

ಇದೆಲ್ಲಕ್ಕೆ ಪಂಡಿತರು ಏನೂ ಮಾಡಲಿಲ್ಲವೆಂದು ತಿಳಿಯಬೇಡಿ. 1979ರಲ್ಲಿ ಮಾರಿಸ್ ಡೇವಿಡ್ ಮಾರಿಸ್ ಎಂಬಾತ ದುಡ್ಡನ್ನು ಪಕ್ಕಕ್ಕಿಟ್ಟು ಮೂರೇ ಸಂಗತಿ ಅಳೆದ. ಎಳೆಗೂಸುಗಳ ಸಾವು, ಆಯುಸ್ಸು, ಅಕ್ಷರ. ಹಾಗೆ ಅಳೆದಾಗ ಬಡ ಶ್ರೀಲಂಕಾ, ನಮ್ಮ ಪಕ್ಕದ ಕೇರಳ, ತಮಗಿಂತ ಎಷ್ಟೋ ಪಟ್ಟು ಹಣವಂತ ನಾಡುಗಳನ್ನು ಹಿಂದೆ ಹಾಕಿದವು. 1990ರಲ್ಲಿ ಪಾಕಿಸ್ತಾನದ ಮೆಹಬೂಬ್ ಉಲ್ ಹಕ್, ನಮ್ಮ ಅಮರ್ತ್ಯ ಸೇನ್ ಮುಂತಾದವರು ಸೇರಿ ವಿಶ್ವಸಂಸ್ಥೆಯಿಂದ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಕೇಂಬ್ರಿಜ್‌ನಲ್ಲಿ ಒಟ್ಟಿಗೆ ಓದಿದ ಗೆಳೆಯರು ಅವರು. ಅವರ ದೇಶಗಳು ಯುದ್ಧ ಮಾಡಿದವು, ಅವರು ಅಳತೆ ಮಾಡಿದರು. ಕರ್ನಾಟಕ ಸರ್ಕಾರವೂ 1999ರಲ್ಲಿ, ಮತ್ತೆ 2005ರಲ್ಲಿ ಜಿಲ್ಲಾವಾರು ಇಂಥ ವರದಿ ತಂದಿತು. ರಾಜ್ಯದ ಸೂಚ್ಯಂಕ 1991ರಲ್ಲಿ 0.541 ಇದ್ದದ್ದು 2001ರಲ್ಲಿ 0.650ಕ್ಕೆ ಏರಿತು, ರಾಯಚೂರು ಕಡೆಯಲ್ಲೇ ಉಳಿಯಿತು. ಏರಿದ್ದು ಸುಳ್ಳಲ್ಲ. 1951ರ ಸುಮಾರಿಗೆ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು. ಈಗ 70ರ ಆಸುಪಾಸು. ಇದನ್ನು ಒಪ್ಪದೆ ಎಲ್ಲವೂ ಹಾಳಾಯಿತು ಎಂದು ವೇದಿಕೆ ಗುದ್ದುವುದು ನನಗೆ ಇಷ್ಟವಿಲ್ಲ. ನಮ್ಮ ಪಕ್ಷದಲ್ಲೂ ಆ ಚಟ ಉಂಟು.

ಆದರೆ ಜಿಲ್ಲೆಯ ಅಂಕಿ ತಾಲ್ಲೂಕನ್ನು ಮುಚ್ಚುತ್ತದೆ. ಇದನ್ನು ಬಿಡಿಸಿ ತೋರಿಸಿದವರು ಡಾ. ಡಿ. ಎಂ. ನಂಜುಂಡಪ್ಪನವರು. ಪ್ರಾದೇಶಿಕ ಅಸಮತೋಲನದ ಬಗ್ಗೆ 2000ದಲ್ಲಿ ನೇಮಕವಾದ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನೂ 35 ಸೂಚಕಗಳಿಂದ ಅಳೆದರು. ನೀರಾವರಿ, ರಸ್ತೆ, ಬ್ಯಾಂಕು, ವೈದ್ಯರು, ಸಾಕ್ಷರತೆ, ಹೀಗೆ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು ಅದಕ್ಕಿಂತ ಕೆಳಗಿದ್ದವನ್ನು ಮೂರು ದರ್ಜೆಯ ಹಿಂದುಳಿದ ತಾಲ್ಲೂಕುಗಳೆಂದರು. ಅಂಥವು 114. ನಮ್ಮ ಅರಕಲಗೂಡು ಆ ಪಟ್ಟಿಯಲ್ಲಿತ್ತು. ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕಾವೇರಿ. ಕೊಣನೂರು, ರಾಮನಾಥಪುರದಂಥ ನದೀತೀರದ ಊರುಗಳು. ರುದ್ರಪಟ್ಟಣದಂಥ ಸಂಗೀತಗಾರರ ಹಳ್ಳಿ. ಹೆಸರಿಗೆ ಕೊರತೆಯಿಲ್ಲದ ಸೀಮೆ ಹಿಂದುಳಿದ ಪಟ್ಟಿಗೆ ಬಂತೆಂದು ಕೆಲವರು ಅವಮಾನಪಟ್ಟರು. ನಾನು ಹಾಗೆ ತಿಳಿಯುವುದಿಲ್ಲ. ಅಳೆದದ್ದರಿಂದಲೇ ಕೇಳುವ ಹಕ್ಕು ಬಂತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ, ಅದರಲ್ಲಿ ನೂರಕ್ಕೆ 60 ಉತ್ತರ ಕರ್ನಾಟಕಕ್ಕೆ, 40 ದಕ್ಷಿಣಕ್ಕೆ ಎಂದು ಸಮಿತಿ ಬರೆಯಿತು. ಪಟ್ಟಿಯಲ್ಲಿ ಹೆಸರಿಲ್ಲದ ತಾಲ್ಲೂಕು ಏನೆಂದು ಕೇಳೀತು?

ಅಲ್ಲಿಗೂ ಮುಗಿಯಲಿಲ್ಲ. ಜಿಲ್ಲೆ ತಾಲ್ಲೂಕನ್ನು ಮುಚ್ಚಿದಂತೆ ತಾಲ್ಲೂಕು ಹಳ್ಳಿಯನ್ನು, ಹಳ್ಳಿ ಕೇರಿಯನ್ನು, ಕೇರಿ ಮನೆಯನ್ನು ಮುಚ್ಚುತ್ತದೆ. ಕಡೆಗೆ ಮನೆಯೇ ಹೆಂಗಸನ್ನು ಮುಚ್ಚುತ್ತದೆ. ಇದಕ್ಕೆ ಲೆಕ್ಕ ಬೇಕೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ರಕ್ತ ನೋಡಿದಾಗ ನೂರಕ್ಕೆ 44.8 ಮಂದಿಗೆ ರಕ್ತಹೀನತೆ. 2019–21ರಲ್ಲಿ ನೋಡಿದಾಗ 47.8. ಅದೇ ಕಾಲದಲ್ಲಿ ರಾಜ್ಯದ ತಲಾ ವರಮಾನ ಏರಿತು, ನೀತಿ ಆಯೋಗದ ಬಡತನ ಇಳಿಯಿತು. ಹೆಂಗಸಿನ ರಕ್ತ ಏರಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಸಣ್ಣ ಶಾಲೆಯಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗಿ ದಿನಾ ಮಧ್ಯಾಹ್ನದ ಲೆಕ್ಕದ ಪಾಠದಲ್ಲಿ ತೂಕಡಿಸುತ್ತಿದ್ದಳು. ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದೆ. ಮೂರನೆಯ ಸಲ ನಿಂತವಳು ಹಾಗೇ ಕುಸಿದು ಬಿದ್ದಳು. ರೆಪ್ಪೆ ಬಿಡಿಸಿ ನೋಡಿದ ನರ್ಸಮ್ಮ, “ಏನ್ ಮೇಷ್ಟ್ರೇ, ಕಣ್ಣೊಳಗೆ ಸುಣ್ಣ ಬಳಿದಂಗೈತೆ, ಇಷ್ಟು ದಿನ ನಿಮಗೆ ಕಾಣಲಿಲ್ವಾ?” ಎಂದು ಎಲ್ಲರೆದುರು ಕೇಳಿದರು. ಕಂಡಿರಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ದಿನವೂ ತಪ್ಪದೆ ಹಾಜರು ಎಂದು ಗುರುತಿತ್ತು. ಅಳತೆಯ ದೃಷ್ಟಿಯಿಂದ ಅವಳು ನನ್ನ ತರಗತಿಯ ಅತ್ಯುತ್ತಮ ವಿದ್ಯಾರ್ಥಿನಿ.

ಈಗ ವ್ಯಾಪಾರಿ ಮಿತ್ರರ ಕಡೆ ತಿರುಗುತ್ತೇನೆ. 1857ರಲ್ಲಿ ಎಂಗೆಲ್ ಎಂಬ ಜರ್ಮನ್ ಅಂಕಿಅಂಶದವನೊಬ್ಬ (ಮಾರ್ಕ್ಸನ ಗೆಳೆಯ ಎಂಗೆಲ್ಸ್ ಅಲ್ಲ, ಬೇರೆಯವನು) ಬೆಲ್ಜಿಯಂ ಕಾರ್ಮಿಕರ ಮನೆಖರ್ಚಿನ ಲೆಕ್ಕ ಹಿಡಿದು ಕೂತ. ಮನೆ ಬಡವಾದಷ್ಟೂ ಖರ್ಚಿನಲ್ಲಿ ಹೊಟ್ಟೆಯ ಪಾಲು ದೊಡ್ಡದು ಎಂದು ಕಂಡುಕೊಂಡ. ಈಗಲೂ ಅದು ಸುಳ್ಳಾಗಿಲ್ಲ. 2023–24ರ ಸಮೀಕ್ಷೆಯಂತೆ ಭಾರತದ ಹಳ್ಳಿಯ ಮನೆಗಳ ಖರ್ಚಿನಲ್ಲಿ ನೂರಕ್ಕೆ ಸುಮಾರು 47 ಊಟಕ್ಕೆ ಹೋಗುತ್ತದೆ, ಪಟ್ಟಣಗಳಲ್ಲಿ ಸುಮಾರು 40. ಈ ಸಂಗತಿಯನ್ನು ಸಂತೆಬೀದಿಯ ಹಿರಿಯ ಅಂಗಡಿಯವರೊಬ್ಬರಿಗೆ ಹೇಳಿದೆ. ಅವರು ನಕ್ಕು, “ಅಲ್ಲಾ ಮೇಷ್ಟ್ರೇ, ಜರ್ಮನಿಗೆ ಯಾಕ್ ಹೋಗ್ತೀರಿ? ನನ್ನ ಉದ್ದರಿ ಪುಸ್ತಕ ತೆಗೀರಿ. ಯಾವ ಮನೇಲಿ ಎಣ್ಣೆ ಲೀಟರಿನಿಂದ ಕಾಲು ಲೀಟರಿಗೆ ಇಳೀತು, ಯಾವ ಮನೆಯೋರು ತಿಂಗಳ ಹದಿನೈದಕ್ಕೇ ಉದ್ದರಿ ಶುರು ಮಾಡಿದ್ರು, ಎಲ್ಲಾ ಐತೆ” ಅಂದರು. ಅಂದಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಾನೇ ಸಗಟು ಅಂಗಡೀಲಿ ಉದ್ದರಿ ಇಟ್ಟಿರೋದೂ ಬರ್ಕೊಳ್ಳಿ” ಅಂದರು.

ಆ ಮಾತಿನಿಂದಲೇ ನನಗೆ ಈ ಕೆಲಸ ಹೊಳೆದದ್ದು. ನಂಜುಂಡಪ್ಪನವರು ಅಳೆದು ಇಪ್ಪತ್ತು ವರ್ಷಗಳ ಮೇಲಾಯಿತು. ಆಗಿನ ಸೂಚಕಗಳಲ್ಲಿ ದೂರವಾಣಿಯೂ ಒಂದು. ಈಗ ಕೂಲಿಯವನ ಕೈಯಲ್ಲೂ ಅದಿದೆ. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಇಂಥ ಸಮಿತಿಗಳ ವರದಿ ಹಿಡಿದು ಯಾರಾದರೂ ನಮ್ಮ ತಾಲ್ಲೂಕು ಮುಂದೆ ಬಂತೆಂದೋ ಹಿಂದೆ ಬಿತ್ತೆಂದೋ ಹೇಳಿದರೆ, ಹೌದೆನ್ನಲು ಅಥವಾ ಅಲ್ಲವೆನ್ನಲು ನಮ್ಮ ಹತ್ತಿರ ಏನಿದೆ? ಘೋಷಣೆ ಇದೆ. ಲೆಕ್ಕ ಇಲ್ಲ.

ಆದುದರಿಂದ ಪಟ್ಟಣದ ಎರಡು ಬೀದಿ, ಕಾರ್ಖಾನೆ ಬಸ್ಸು ನಿಲ್ಲುವ ಮೂರು ಹಳ್ಳಿ, ಇಷ್ಟನ್ನು ಮನೆ ಮನೆ ಹೋಗಿ ಕೇಳಿ ಬರೆಯಬೇಕೆಂದು ನನ್ನ ಸೂಚನೆ. ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ಉದ್ದರಿ ಯಾವ ತಾರೀಖಿನಿಂದ ಶುರುವಾಯಿತು? ಬಡ್ಡಿಗೆ ಎಷ್ಟು ಹೋಯಿತು, ಯಾವ ದರ? ಆಸ್ಪತ್ರೆಗೆ ಹಾಸನಕ್ಕೆ ಹೋದವರಿಗೆ ಬಸ್ಸು, ಔಷಧಿ, ಕಳೆದುಹೋದ ಕೂಲಿ ಸೇರಿ ಎಷ್ಟಾಯಿತು? ಮನೆಯ ಹೆಂಗಸರ ರಕ್ತ ಪರೀಕ್ಷೆ ಯಾವತ್ತಾದರೂ ಆಗಿದೆಯೇ, ಎಷ್ಟಿತ್ತು? ಶಾಲೆ ಬಿಟ್ಟ ಮಗು ಯಾವುದು, ಏಕೆ? ರಾತ್ರಿ ಊಟಕ್ಕೆ ಕಡೆಯಲ್ಲಿ ಕೂರುವವರು ಯಾರು, ಅವರ ಪಾಲಿಗೆ ಏನುಳಿದಿತ್ತು? ಈ ಕಡೆಯ ಪ್ರಶ್ನೆಯನ್ನು ಗಂಡಸರು ಕೇಳಿದರೆ ಉತ್ತರ ಬರುವುದಿಲ್ಲ, ಹೆಂಗಸರೇ ಹೋಗಬೇಕು.

ಎರಡು ಕಟ್ಟುಪಾಡು. ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆಯಕೂಡದು, ಮನೆಗೆ ಒಂದೊಂದು ಸಂಖ್ಯೆ ಮಾತ್ರ. ಒಬ್ಬರ ಸಾಲದ ಮಾತು ಇನ್ನೊಬ್ಬರ ಜಗಲಿಗೆ ಹೋಗಬಾರದು. ಎರಡನೆಯದು, ಬೀದಿ ಹಿಡಿದರೆ ಬೀದಿಯ ಎಲ್ಲ ಮನೆಗೂ ಹೋಗಬೇಕು, ಮಹಡಿ ಮನೆಗೂ, ನಮಗೆ ಓಟು ಹಾಕದವರ ಮನೆಗೂ. ನಮಗೆ ಬೇಕಾದ ಉತ್ತರ ಬರುವ ಕಡೆ ಮಾತ್ರ ಹೋಗಿ ಬರೆದುಕೊಂಡು ಬಂದರೆ ಕಾಗೋಡಿನ ಒಡೆಯರ ಕೊಳಗಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ? ಬಂದ ಉತ್ತರ ನಮ್ಮ ಭಾಷಣಗಳಿಗೆ ವಿರುದ್ಧವಾಗಿದ್ದರೂ ಅದನ್ನು ಹಾಗೆಯೇ ಈ ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದು ಸಂಪಾದಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ನೂರು ಪುಟದ ಹನ್ನೆರಡು ನೋಟುಪುಸ್ತಕಗಳು ಅಧ್ಯಕ್ಷರ ಮೇಜಿನ ಮೇಲಿವೆ. ಗೆರೆ ಎಳೆದು ಅಂಕಣ ಮಾಡಿಟ್ಟಿದ್ದೇನೆ. ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಸ್ ನಿಲ್ದಾಣದ ಹತ್ತಿರ ಸೇರೋಣ. ಬರುವವರು ಈಗ ಹೆಸರು ಕೊಟ್ಟು ಹೋಗಬೇಕು, ಹೆಂಗಸರು ಮೊದಲು.